ಕೆಳಗಿನ ಹೊಲದ ಚಿಗುರು

ಹುಲಿಹೈದರ
೧೨ ಏಪ್ರಿಲ್ ೨೦೨೫

ರೇಣುಕಾಳ ಅಪ್ಪನವರಿಗೆ, ಹುಲಗಮ್ಮ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಮೊದಲು ಹೇಳುವುದು ವಾಡಿಕೆ. ಆ ಸಾಲನ್ನು ಬಿಟ್ಟುಬಿಡುತ್ತೇನೆ. ನಿಮ್ಮ ಫೋನಿಗೆ ಊರವರ ಕರೆಯೆಲ್ಲ ಹೋಗುತ್ತದೆ, ನನ್ನದೊಂದೇ ಹೋಗುವುದಿಲ್ಲ. ಬಂದ್ ಮಾಡಿದ್ದೀರಿ ಎಂದು ಗೊತ್ತು. ಅದಕ್ಕೇ ನೀವಿರುವ ಮುನಿರಾಬಾದಿಗೆ ಈ ಕಾಗದ. ಅಂಚೆಯವನನ್ನು ಬಂದ್ ಮಾಡಲು ನಿಮಗೆ ಬರುವುದಿಲ್ಲವಲ್ಲ.

ದೀಪಾವಳಿಯಲ್ಲಿ ಆಡಿದ ಮಾತು ನೆನಪಿದೆಯೇ? ಮದುವೆ ಮೆರವಣಿಗೆಗೆ ಈಗ ಕುದುರೆ ಯಾರು ಕೇಳುತ್ತಾರೆ, ಎರಡನ್ನೂ ಮಾರೋಣ ಎಂದಿರಿ. ನಾನು ಒಪ್ಪಲಿಲ್ಲ. ಕುದುರೆ ಸಾಕುವುದು ನನಗೂ ಬರುತ್ತದೆ, ನೀವು ಹೋಗಿ ಯಾರದಾದರೂ ಗೇಟು ಕಾಯಿರಿ ಎಂದೆ. ಹೊಸ್ತಿಲು ದಾಟಿದವರು ತಿರುಗಿ ನಿಂತು, ಚಂದ್ರಿ ಮರಿ ಹಾಕಿದ ದಿನ ಬರುತ್ತೇನೆ ಎಂದಿರಿ. ಆ ಒಂದು ಮಾತು ಹಿಡಿದುಕೊಂಡು ಐದು ತಿಂಗಳು ಕಳೆದೆ.

ಗಂಗಾವತಿಯಲ್ಲಿ ನಮ್ಮ ಕುದುರೆ ಮೇಯುತ್ತಿದ್ದ ಗಿರಣಿ ಹಿಂದಿನ ಬಯಲು ಈಗ ಸೈಟುಗಳಾಗಿದೆ. ಕಾಲುವೆ ಕೆಳಗಿನ ಗದ್ದೆಗಳ ಬದುವಿಗೆಲ್ಲ ಹುಲ್ಲು ಸಾಯುವ ಎಣ್ಣೆ ಹೊಡೆಯುತ್ತಾರೆ. ಅದಕ್ಕೆ ಶಿವರಾತ್ರಿ ಹೊತ್ತಿಗೆ ಇಲ್ಲಿಗೆ ಬಂದು, ಪಂಪಾವತಿ ಎಂಬವರ ಎರಡು ಹೊಲಗಳನ್ನು ಮೇವಿಗೆಂದು ಗುತ್ತಿಗೆ ಹಿಡಿದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹೊಲ ನೋಡಿಕೊಂಡಿರುವ ಹೆಂಗಸು. ಮೇಲಿನದು ಒಣ ಹುಲ್ಲಿನ ಬೀಳು. ಕೆಳಗಿನದು ಜೋಳ ಕೊಯ್ದ ಹೊಲ. ಬೋರಿನ ನೀರು ಹರಿದು ಕೊಯ್ದ ಬುಡಗಳಲ್ಲೆಲ್ಲ ಹಸಿರು ಚಿಗುರು ಎದ್ದಿತ್ತು.

ಚಂದ್ರಿ ನೆಲ ಹಿಡಿದ ಮೇಲೆ ಊರವರ ಮುಂದೆ ನಾನು ಹೇಳಿದ್ದು ಇಷ್ಟು: ಆ ಚಿಗುರು ವಿಷ ಎಂದು ಆಕೆ ನನಗೆ ಹೇಳಲಿಲ್ಲ, ಗುತ್ತಿಗೆ ಹಣ ತೆಗೆದುಕೊಂಡು ನನ್ನ ಕುದುರೆಗಳನ್ನು ಕೆಡವಿದಳು. ಆಕೆಯ ಬಾಗಿಲಲ್ಲಿ ನಿಂತು ಮಣ್ಣು ತೂರಿದೆ. ನಾಲ್ಕು ಜನ ಸೇರಿದರು. ಆಕೆ ಬಾಯಿ ಬಿಡಲಿಲ್ಲ.

ನಾನು ಹೇಳಿದ್ದು ಸುಳ್ಳು. ಪಂಪಾವತಿಯವರು ಮೊದಲ ದಿನವೇ, "ಒಣಗೂತನಕ ಕೆಳಗಿನ ಹೊಲಕ್ಕ ಬಿಡಬ್ಯಾಡ ಹುಲಗಮ್ಮ, ಹಸಿ ಜ್ವಾಳದ ಚಿಗರು ಛಲೋ ಅಲ್ಲ" ಎಂದಿದ್ದರು. "ಹ್ಞೂನ್ರಿ ಅಕ್ಕಾರ" ಎಂದು ತಲೆ ಅಲ್ಲಾಡಿಸಿ ಒಳಗೊಳಗೇ ನಕ್ಕೆ. ನಮ್ಮ ಜನ್ಮವೆಲ್ಲ ಬದುವಿನಿಂದ ಬದುವಿಗೆ ಓಡಿಸಿಕೊಂಡೇ ಕಳೆದಿದೆ. ಅಲ್ಲಿ ಹಾವಿದೆ, ಇಲ್ಲಿ ಎಣ್ಣೆ ಹೊಡೆದಿದೆ, ಇದು ದೇವರ ಹೊಲ ಎಂದು ಹೊಲದವರು ಹೇಳುವುದೆಲ್ಲ ನಮ್ಮನ್ನು ಹೊರಗಿಡುವ ನೆಪ ಎಂದು ಕಲಿಸಿದವರೂ ನೀವೇ. ಒಳ್ಳೆಯ ಹಸಿರನ್ನು ತಮ್ಮ ಎಮ್ಮೆಗೆ ಇಟ್ಟುಕೊಂಡು ನನ್ನ ಬಸುರಿ ಕುದುರೆಗೆ ಒಣ ಕಡ್ಡಿ ತೋರಿಸುತ್ತಾರೆ ಎಂದು ಹೊಟ್ಟೆ ಉರಿಯಿತು. ವಾರ ಕಳೆದ ಮೇಲೆ ನಡುವಿನ ಮುಳ್ಳುಬೇಲಿಯನ್ನು ನಾನೇ ಸರಿಸಿದೆ. ಚಂದ್ರಿ, ಮೋತಿ ಎರಡೂ ತಲೆ ಎತ್ತದೆ ಮೇಯ್ದವು. ನೋಡುತ್ತ ನಿಂತ ನನಗೂ ಹೊಟ್ಟೆ ತುಂಬಿದ ಹಾಗಾಯಿತು.

ಯುಗಾದಿ ಹೊತ್ತಿಗೆ ಚಂದ್ರಿಯ ನಡು ತೂರಾಡತೊಡಗಿತು. ನಿಂತಲ್ಲೇ ಉಚ್ಚೆ ಸೋರುತ್ತಿತ್ತು. ಬಸುರಿನ ಭಾರ ಎಂದುಕೊಂಡು ಇನ್ನೂ ನಾಲ್ಕು ದಿನ ಅದೇ ಹೊಲಕ್ಕೆ ಬಿಟ್ಟೆ. ಈ ಮಂಗಳವಾರ ಸತ್ತ ಮರಿ ಬಿತ್ತು. ನಾಲ್ಕು ಕಾಲೂ ಬಿಳಿ ಇದ್ದವು. ಚಂದ್ರಿ ಅದನ್ನು ನೆಕ್ಕಬೇಕೆಂದು ಏಳಲು ನೋಡಿತು, ಹಿಂಗಾಲು ಬರಲಿಲ್ಲ. ನಾನೇ ಮರಿಯನ್ನು ಎಳೆದು ಅದರ ಬಾಯಿ ಹತ್ತಿರ ಇಟ್ಟೆ. ಕನಕಗಿರಿಯಿಂದ ಬಂದ ದನದ ಡಾಕ್ಟರು, "ಜ್ವಾಳದ ಚಿಗರು ತಿಂದು ನಡಾ ಬಿದ್ದೈತಿ, ಇನ್ನ ಏಳಂಗಿಲ್ಲ ಬಿಡವಾ" ಎಂದು ಹೇಳಿ ಹೋದರು. ಮೋತಿಯೂ ಕಾಲು ಎಳೆಯುತ್ತಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬಂದ ಬುದ್ಧಿಯಿಂದ ಈಗ ಯಾರಿಗೂ ಉಪಯೋಗವಿಲ್ಲ.

ನೀವು ಹೇಳಿದ ದಿನ ಬಂದು ಹೋಯಿತು. ಬನ್ನಿ ಎನ್ನಲು ನನ್ನ ಹತ್ತಿರ ಏನೂ ಉಳಿದಿಲ್ಲ. ಕುಷ್ಟಗಿಗೆ ಕೊಟ್ಟ ಮಗಳು ರೇಣುಕಾಳಿಗೂ ಸದ್ಯ ತಿಳಿಸಬೇಡಿ. ಅವಳು ಚಂದ್ರಿಯ ಬೆನ್ನ ಮೇಲೆ ಬೆಳೆದವಳು.

ಇಂತಿ, ಕುದುರೆ ಸಾಕಲು ಬಾರದ
ಹುಲಗಮ್ಮ
(ಎಡಗೈ ಹೆಬ್ಬೆಟ್ಟು)

ತಾ.ಕ. ಅಣ್ಣಾ, ಇದು ಕಾಗದ ಬರೆದುಕೊಟ್ಟವಳ ಮಾತು. ನಾನೇ ಪಂಪಾವತಿ. ಹುಲಗಮ್ಮ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತು, "ನಿಮಗ ನೇರ ಹೇಳಾಕ ಬಾಯಿ ಬರವಲ್ದು ಅಕ್ಕಾರ, ನಮ್ಮನಿಯವ್ರಿಗೆ ಹೇಳತೀನಿ, ನೀವು ಬರೀರಿ" ಎಂದಳು. ಹೆಬ್ಬೆಟ್ಟು ಒತ್ತಿ, ಚಂದ್ರಿಗೆ ನೀರು ಕುಡಿಸಲು ಈಗ ಹೋದಳು. ಅವಳು ಬೇಲಿ ಸರಿಸಿದ ಮೂರನೆಯ ದಿನವೇ ಕುದುರೆಗಳು ಕೆಳಗಿನ ಹೊಲದಲ್ಲಿ ಮೇಯುತ್ತಿದ್ದುದನ್ನು ನಾನು ರಸ್ತೆಯಿಂದ ನೋಡಿದ್ದೆ. ಮಾತು ಕೇಳದವಳು ಅನುಭವಿಸಲಿ ಎಂದುಕೊಂಡು ಮನೆಗೆ ನಡೆದೆ. ಆಮೇಲೂ ದಿನಾ ಅದೇ ರಸ್ತೆಯಲ್ಲಿ ಓಡಾಡಿದೆ. ಅವಳು ಮಣ್ಣು ತೂರಿದಾಗ ನಾನು ಸುಮ್ಮನಿದ್ದದ್ದು ದೊಡ್ಡತನದಿಂದಲ್ಲ. ಅವಳು ತನ್ನ ತಪ್ಪನ್ನು ನನ್ನೆದುರೇ ಹೇಳಿ ಬರೆಸಿದಳು. ನನ್ನದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.