ನಿನ್ನ ಹೊಟ್ಟೆ ಜಾರಿರಲಿಲ್ಲ, ಅಕ್ಕ

ಪ್ರೀತಿಯ ಅಕ್ಕ,

ಕಾಪುವಿನ ಕಡಲತೀರದ ಮರಳಿನಲ್ಲಿ ನೀನು ಓಡುತ್ತಿದ್ದದ್ದು ಈಗಲೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಿನ್ನದು ಉದ್ದ ಕಾಲು, ಒಣಕಲು ಮೈ. ನಾನೋ ಗಿಡ್ಡಿ, ಗುಂಡಮ್ಮ. ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತಾ ಕೂತುಬಿಡುತ್ತಿದ್ದೆ. ಕಾಲೇಜಿನ ಓಟದ ತಂಡಕ್ಕೆ ನೀನು ಆಯ್ಕೆಯಾದ ದಿನ ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಹೇಳಿ ಬಂದಿದ್ದರು, ನೆನಪುಂಟಾ?

ಅದೇ ವರ್ಷ ಹೊಟ್ಟೆನೋವೆಂದು ನಿನಗೆ ಎಕ್ಸ್‌ರೇ ತೆಗೆಸಿದೆವು. ಜಠರ ಫಿಲ್ಮಿನಲ್ಲಿ ಕಾಣಲೆಂದು ಬಿಳಿ ಬೇರಿಯಂ ನೀರು ಕುಡಿಸಿ, ನಿಲ್ಲಿಸಿ ತೆಗೆದದ್ದು. ಜಠರ ಹೊಕ್ಕುಳನ್ನೂ ದಾಟಿ ಸೊಂಟದ ಮೂಳೆಯವರೆಗೆ ಇಳಿದಿತ್ತು. ಡಾಕ್ಟರು ಬರೀ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಆದರೆ ಮನೆಗೆ ಬಂದ ನೆಂಟರೊಬ್ಬರು ಫಿಲ್ಮನ್ನು ಬೆಳಕಿಗೆ ಹಿಡಿದು, "ಇದು ಜಾರಿದ ಹೊಟ್ಟೆ. ಇನ್ನು ಓಡಿದ್ರೆ, ಭಾರ ಎತ್ತಿದ್ರೆ ಪೂರಾ ಕೆಳಗೆ ಬರ್ತದೆ" ಎಂದುಬಿಟ್ಟರು. ಅಲ್ಲಿಗೆ ನಿನ್ನ ಓಟ ನಿಂತಿತು. ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿಕೊಂಡೇ ಓಡಾಡಿದೆ. ಮಗಳು ಶ್ರಾವ್ಯ ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳಲೂ ನೀನು...

ಮಣಿಪಾಲದಲ್ಲಿ ಎಕ್ಸ್‌ರೇ ತೆಗೆಯುವುದನ್ನು ಕಲಿಯಲು ನಾನು ಸೇರಿದ್ದು, ಜ್ವರ ಬಂದು ನೀನು ತೀರಿಹೋದ ಮೇಲೆ. ಒಂದು ದಿನ ಮೇಡಂ ಎರಡು ಫಿಲ್ಮುಗಳನ್ನು ಪಕ್ಕಪಕ್ಕ ಇಟ್ಟರು. ದಪ್ಪ, ಅಗಲ ಮೈಯವರ ಜಠರ ಎತ್ತಿನ ಕೊಂಬಿನ ಹಾಗೆ ಮೇಲೆ ಅಡ್ಡಕ್ಕೆ ಇರುತ್ತದಂತೆ. ತೆಳ್ಳಗೆ ಉದ್ದ ಇರುವವರದು ಮೀನಿನ ಗಾಳದ ಹಾಗೆ ಕೆಳಕ್ಕೆ ಇಳಿದಿರುತ್ತದಂತೆ. ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಅದು ಜಾರಿದ್ದಲ್ವಾ ಮೇಡಂ?"

"ಎಂತ ಜಾರುವುದು? ಆ ಮೈಗೆ ಅದೇ ಅದರ ಜಾಗ."

ಆ ಹೊತ್ತು ನೀನಿರಬೇಕಿತ್ತು ಅಕ್ಕ. ಯಾರಿಗೆ ಹೇಳಲಿ ನಾನು?

ಈ ವರ್ಷ ಶ್ರಾವ್ಯಳಿಗೆ ಓಡುವಾಗ ವಾಂತಿ ಶುರುವಾಯಿತು. ಹೌದು, ಅವಳೂ ಓಡುತ್ತಾಳೆ. ಎತ್ತರ, ಮೈಕಟ್ಟು ಎಲ್ಲ ನಿನ್ನದೇ. ಡಾಕ್ಟರು ಬೇರಿಯಂ ಎಕ್ಸ್‌ರೇ ಬರೆದರು, ತೆಗೆದವಳು ನಾನು. ಪರದೆಯ ಮೇಲೆ ಅದೇ ಗಾಳ! ಸುದ್ದಿ ಕೇಳಿದ್ದೇ ಅಮ್ಮ, "ತಾಯಿದೇ ಬಂತು ಇವಳಿಗೆ. ಓಟ ಸಾಕು" ಎಂದು ಅಳತೊಡಗಿದರು. ಭಾವ ಅವಳ ಶೂ ತೆಗೆದು ಅಟ್ಟಕ್ಕೆ ಹಾಕಿದರು. ನಾನು ಬಿಡಲಿಲ್ಲ. ಮರುದಿನವೇ ಇಬ್ಬರನ್ನೂ ಡಾಕ್ಟರ ಎದುರು ಕೂರಿಸಿದೆ.

"ಹೊಟ್ಟೆ ಸರಿಯಾಗಿಯೇ ಉಂಟು ಅಮ್ಮ," ಎಂದರು ಅವರು. "ಊಟ ಮಾಡಿದ ಕೂಡ್ಲೇ ಓಡ್ತಾಳಲ್ಲ, ಅದನ್ನು ಬಿಡ್ಲಿ. ಓಟ ಬಿಡುವುದು ಬೇಡ."

ಅಮ್ಮ ನನ್ನ ಕಡೆ ತಿರುಗಿ, "ಹಾಗಾದ್ರೆ ನನ್ನ ದೊಡ್ಡವಳೂ ಓಡಬಹುದಿತ್ತಾ?" ಎಂದರು.

"ಓಡಬಹುದಿತ್ತು ಅಮ್ಮ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಭಾವನಿಗೆ ಹೇಳಿದ್ದು ಒಂದೇ ಮಾತು: "ಹೋಗಿ ಶೂ ಕೆಳಗಿಳಿಸು."

ಮೊನ್ನೆ ಕಾರ್ಕಳದ ಮೈದಾನದಲ್ಲಿ ಜಿಲ್ಲಾಮಟ್ಟದ ಓಟವನ್ನು ನೀನು ನೋಡಬೇಕಿತ್ತು! ಕೊನೆಯ ಸುತ್ತಿನಲ್ಲಿ ಶ್ರಾವ್ಯ ಮುಂದಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಂದಿಕ್ಕುತ್ತಾ ಬಂದಳು. ಮಂಡಿನೋವಿನ ಅಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು, "ಬಲಿಪು ಮಗಾ, ಬಲಿಪು!" ಎಂದು ತುಳುವಿನಲ್ಲೇ ಅವಳನ್ನು ಓಡಲು ಹುರಿದುಂಬಿಸುತ್ತಾ ಕೂಗುತ್ತಿದ್ದರು. ಭಾವ ನೋಡಲಾಗದೆ ಕಣ್ಣು ಮುಚ್ಚಿಕೊಂಡಿದ್ದರು. ನಿನ್ನ ಮಗಳು ಮೊದಲು ಬಂದಳು ಅಕ್ಕ, ಎಲ್ಲರಿಗಿಂತ ಮೊದಲು!

ಇನ್ನು ರಾಜ್ಯಮಟ್ಟ. ಅಮ್ಮನೂ ಹೊರಟಿದ್ದಾರೆ, ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟೇ ಬೇಕಂತೆ.

ನಿನ್ನ ತಂಗಿ,
ರೇವತಿ