ಅದು ಮಗ್ಗದ ಪೆಟ್ಟಲ್ಲ, ಬನವ್ವ

ಗುಳೇದಗುಡ್ಡ
ಫೆಬ್ರವರಿ 30, 2219

ಬನವ್ವನವರಿಗೆ ಈರಾಂಬೆಯ ನಮಸ್ಕಾರ.

ತಾರೀಖು ನೋಡಿ ಬೆಚ್ಚಬೇಡಿ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಕಳಿಸುವ ಪತ್ರ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಅವಕಾಶ. ನಿಮ್ಮನ್ನು ಅಜ್ಜಿ ಎನ್ನೋಣವೆಂದರೆ ನಿಮಗಿನ್ನೂ ನಲವತ್ತೊಂದು, ನನಗೆ ಅರವತ್ತಾಯಿತು! ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮ ಓಣಿಯಲ್ಲಿ ಈಗಲೂ ಕುಪ್ಪಸದ ಖಣವನ್ನೇ ನೇಯುತ್ತೇವೆ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ರೂಢಿಯೂ ಉಳಿದಿದೆ, ಆದರೆ ಆ ದಿನಕ್ಕೀಗ ಕೈದಿನವೆಂದು ಹೆಸರು. ಸ್ನಾನಕ್ಕೆ ಮುಂಚೆ ಹೆಂಗಸರೆಲ್ಲ ನಮ್ಮ ಮೊಲೆ, ಕಂಕುಳನ್ನು ನಾವೇ ಬೆರಳಿನಿಂದ ತಡವಿ ನೋಡಿಕೊಳ್ಳುತ್ತೇವೆ. ಹೊಸದೇನಾದರೂ ಕೈಗೆ ಸಿಕ್ಕರೆ ಮರುದಿನವೇ ನೆರಳುಮನೆಗೆ ಓಡುತ್ತೇವೆ. ಮೈಯೊಳಗಿನ ಚಿತ್ರ ತೆಗೆದು ನೋಡುವ ಜಾಗವದು. ನೋಡಿಕೊಂಡೆಯಾ ಎಂದು ಅತ್ತೆ ಸೊಸೆಯನ್ನು ಕೇಳುತ್ತಾಳೆ, ಸೊಸೆ ಅತ್ತೆಯನ್ನು ಗದರುತ್ತಾಳೆ. ಮೊಲೆ ಎಂಬ ಮಾತಿಗೆ ಯಾರೂ ಸೆರಗು ಎಳೆದುಕೊಳ್ಳುವುದಿಲ್ಲ. ಹೆಚ್ಚಿನ ಗಂಟುಗಳು ಏನೂ ಅಲ್ಲವೆಂದೇ ತಿಳಿಯುತ್ತದೆ, ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡುತ್ತೇವೆ.

ನೀವು ಮಾತ್ರ ಎಡಮೊಲೆಯ ಗಂಟನ್ನು ಯಾರಿಗೂ ತೋರಿಸಿಲ್ಲ. ಹರಿದ ಎಳೆ ಕಟ್ಟಲು ಬಾಗಿದಾಗಲೆಲ್ಲ ಮಗ್ಗದ ಅಡ್ಡಮರ ಎದೆಗೆ ಒತ್ತುತ್ತದೆ, ಅದಕ್ಕೇ ಆ ಗಂಟು ಎಂದು ನಂಬಿದ್ದೀರಿ. ಪಕ್ಕದ ಮಗ್ಗದ ಕಾಶವ್ವ ಕೇಳಿದ್ದಕ್ಕೂ, ಮಗ್ಗದ ಪೆಟ್ಟವ್ವಾ, ನೋವಿಲ್ಲ ಏನಿಲ್ಲ, ತಾನ ಕರಗತೈತಿ ಅಂದುಬಿಟ್ಟಿರಿ. ಆ ಮಾತು ಬಾಯಿಂದ ಬಾಯಿಗೆ ನನ್ನವರೆಗೂ ಬಂದಿದೆ. ನೋವಿಲ್ಲದ್ದೇ ಮೋಸ, ಬನವ್ವ. ಅದು ಕ್ಯಾನ್ಸರ್. ಮದುವೆ ಸುಗ್ಗಿಯ ಖಣ ಮುಗಿಯಲೆಂದು ಅರಿಶಿನ ಹಚ್ಚಿಕೊಂಡು ಇನ್ನೂ ಎಂಟು ತಿಂಗಳು ಕಾಯುತ್ತೀರಿ. ಅಷ್ಟರಲ್ಲಿ ಅದು ಕಂಕುಳು ದಾಟಿರುತ್ತದೆ. ಅದರ ಮುಂದಿನ ವರ್ಷದ ದೀಪಾವಳಿಗೆ ನೀವಿರುವುದಿಲ್ಲ.

ಈಗ ಅದು ಅವರೆಕಾಳಿನಷ್ಟಿದೆ. ಈ ಹಂತದಲ್ಲಿ ತೋರಿಸಿದವರಲ್ಲಿ ಹೆಚ್ಚಿನವರು ನಿಮ್ಮ ಕಾಲದಲ್ಲೂ ಗುಣವಾದರು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿಸಬೇಡಿ.

ಇನ್ನೊಂದು ಮಾತು ಮುಚ್ಚಿಡಲಾರೆ. ನೀವು ಹೋದ ಎರಡು ವರ್ಷಕ್ಕೆ ನಿಮ್ಮ ಯಜಮಾನರು ರಾಚಪ್ಪನವರು ಕಾಶವ್ವನನ್ನೇ ಮದುವೆಯಾಗುತ್ತಾರೆ. ಅವಳ ಮೇಲೆ ಸಿಟ್ಟಾಗಬೇಡಿ. ನಿಮ್ಮನ್ನು ಬಲವಂತವಾಗಿಯಾದರೂ ಕರೆದೊಯ್ಯಲಿಲ್ಲವೆಂದು ಸಾಯುವವರೆಗೂ ಕೊರಗಿ, ಓಣಿಯ ಹೆಂಗಸರಿಗೆ ಕೈದಿನ ಕಲಿಸಿದವಳು ಅವಳೇ. ಅವರಿಬ್ಬರ ಮಕ್ಕಳ ಏಳನೇ ತಲೆಮಾರು ನಾನು.

ನೀವು ಬದುಕಿದರೆ ನಾನು ಹುಟ್ಟುವುದಿಲ್ಲ. ಹೆದರಿಕೆಯಾಗುತ್ತಿದೆ, ಬನವ್ವ. ಆದರೂ ನಾಳೆ ಬೆಳಿಗ್ಗೆ ಮಗ್ಗಕ್ಕೆ ಇಳಿಯಬೇಡಿ. ಕಾಶವ್ವನ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ತೋರಿಸಿ. ನನ್ನ ಮನಸ್ಸು ಬದಲಾಗುವ ಮೊದಲು ಇದನ್ನು ಕಳಿಸಿಬಿಡುತ್ತೇನೆ.

ಈರಾಂಬೆ