ನೂರು ಕುರ್ಚಿಗೆ ಎರಡು ಕೊಸರು

ದೊಡ್ಡಮ್ಮ, ನಾನು ಚೆನ್ನಾಗಿದ್ದೇನೆ, ಮೊದಲು ಅಳು ನಿಲ್ಲಿಸು.

ಬಿಸಿನೆಸ್ ಸ್ಕೂಲು ಸೇರಿ ಮೂರು ವಾರವಾಯಿತು. ನಿನ್ನೆ ತರಗತಿಯಲ್ಲಿ ಚೌಕಾಸಿಯ ಪಾಠ. ನಾನು ನೂರು ಕುರ್ಚಿ ಮಾರಬೇಕು, ಪಕ್ಕದಲ್ಲಿ ಕೂತ ಹುಡುಗ ಕೊಳ್ಳಬೇಕು. ಎಲ್ಲ ಕಾಗದದ ಮೇಲೆ. ಜಗ್ಗಾಡಿ ಒಳ್ಳೆಯ ಬೆಲೆಗೇ ಕುದುರಿಸಿದೆ. ಕೈ ಕುಲುಕಿಯೂ ಆಯಿತು. ನಮ್ಮ ಅಂಗಡಿಯಲ್ಲಿ ನೀನು ಬಟ್ಟೆ ಅಳೆದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತೀಯಲ್ಲ, ಅದೇ ಅಭ್ಯಾಸದಲ್ಲಿ ‘ಇನ್ನೆರಡು ಕುರ್ಚಿ ಇಟ್ಕೊಳ್ಳಿ’ ಅಂದುಬಿಟ್ಟೆ. ಅವನು ಹುಬ್ಬು ಗಂಟಿಕ್ಕಿದ. ಕುರ್ಚಿಯಲ್ಲೇ ಏನೋ ಐಬಿದೆ ಎಂದು ವ್ಯಾಪಾರ ಮುರಿದುಕೊಂಡ!

‘ಕೇಳದೆ ಯಾಕ್ರೀ ಕೊಟ್ರಿ?’ ಎಂದರು ಮೇಷ್ಟ್ರು.

‘ಕೊಸರು ಹಾಕ್ದೆ ನಮ್ಮ ದೊಡ್ಡಮ್ಮ ಯಾರನ್ನೂ ಕಳಿಸಲ್ಲ ಸರ್’ ಅಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನೆಗಡಿ ಬಿಟ್ಟಿದೆ. ನೀನು ಹೆಣೆದ ಸ್ವೆಟರ್ ಹಾಕಿಕೊಂಡೇ ಮಲಗುತ್ತೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಹೋದ ಭಾನುವಾರ ಫೋನಿನಲ್ಲಿ ‘ಸರಿ, ಇಡ್ತೀನಿ’ ಅಂದ ಮೇಲೂ ಹತ್ತು ನಿಮಿಷ ಮಾತಾಡಿದೆಯಲ್ಲ, ಈ ಭಾನುವಾರವೂ ಹಾಗೇ ಮಾಡು.

ನಿನ್ನ ಬಾಯಿಬಡುಕಿ